ಸಿಮ್ಯುಲೇಟರ್‌ನಲ್ಲಿ ಪ್ರಾದೇಶಿಕ ಜೆಟ್: ನಿಲುಗಡೆಯಿಂದ ರನ್‌ವೇವರೆಗೆ ವಿಮಾನವನ್ನು ನೆಲದ ಮೇಲೆ ನಡೆಸುವ ಸಮಗ್ರ ಮಾರ್ಗದರ್ಶಿ

ಮೂವತ್ತು ಸಾವಿರ ಅಡಿ ಎತ್ತರದಲ್ಲಿ ಸೊಗಸಾಗಿ ಹಾರಿಸುವವರೇ ನಿಲುಗಡೆಯಿಂದ ಐವತ್ತು ಮೀಟರ್ ಹಿಂದೆ ಸರಿಯುವಷ್ಟರಲ್ಲಿ ಕೈಚೆಲ್ಲಿ ಕೂರುವುದನ್ನು ನೋಡುತ್ತಲೇ ಇದ್ದೇನೆ. ಕೇಳುವ ದೂರುಗಳು ಹೆಚ್ಚೂಕಡಿಮೆ ನಾಲ್ಕೇ. ವಿಮಾನವನ್ನು ಹಿಂದಕ್ಕೆ ತಳ್ಳುವ ಗಾಡಿ, ಅಂದರೆ ಟಗ್, ಬಂದು ಸಿಕ್ಕಿಸಿಕೊಂಡಿದೆ, ಆದರೆ ವಿಮಾನ ಅಲುಗುತ್ತಿಲ್ಲ. ಟಗ್ ತಳ್ಳತೊಡಗಿದ ಕೂಡಲೇ ಮೂಗು ಬುಗುರಿಯಂತೆ ತಿರುಗಿಬಿಟ್ಟಿತು. ಎರಡೂ ಎಂಜಿನ್ ಓಡುತ್ತಿವೆ, ಆದರೆ ವಿಮಾನ ತಿರುವು ತೆಗೆದುಕೊಳ್ಳುತ್ತಿಲ್ಲ. ರನ್‌ವೇಗೆ ಹೋಗುವ ದಾರಿಯಾದ ಟ್ಯಾಕ್ಸಿವೇ ನೇರವಿದ್ದರೂ ವಿಮಾನ ಸದಾ ಒಂದೇ ಕಡೆಗೆ ಎಳೆಯುತ್ತದೆ.

ನಾಲ್ಕರ ಬೇರೂ ಒಂದೇ. ನೆಲದ ಮೇಲಿರುವ ವಿಮಾನವನ್ನು ಯಾವ ಕ್ಷಣದಲ್ಲಿಯೂ ಯಾರೋ ಒಬ್ಬರು ಹಿಡಿದಿರಬೇಕು: ಚಕ್ರಕ್ಕೆ ತಡೆಯಾಗಿ ಕೊಟ್ಟ ಚಾಕ್, ಇಲ್ಲವೇ ಪಾರ್ಕಿಂಗ್ ಬ್ರೇಕ್, ಇಲ್ಲವೇ ಟಗ್, ಇಲ್ಲವೇ ನೀವು. ಹೊಸಬರು ಹಿಡಿಯುವ ತನಕ ಹಳಬರು ಬಿಡಬಾರದು. ಹೊಸಬರು ಹಿಡಿದ ಮೇಲೆ ಹಳಬರು ಹಿಡಿದುಕೊಂಡೇ ಇರಬಾರದು. ಕೈಯಿಂದ ಕೈಗೆ ತುಂಬಿದ ಕೊಡ ದಾಟಿಸುವಾಗಿನ ಕ್ರಮವೇ ಇದು. ಮುಂದಿನ ಪ್ರತಿ ಹಂತದಲ್ಲಿಯೂ ಒಂದು ಪ್ರಶ್ನೆ ಕೇಳಿಕೊಳ್ಳಿ: ಈಗ ವಿಮಾನ ಯಾರ ಕೈಯಲ್ಲಿದೆ?

ಇಲ್ಲಿ ಉದಾಹರಣೆಗೆ ಎರಡು ವಿಮಾನಗಳನ್ನು ತೆಗೆದುಕೊಂಡಿದ್ದೇನೆ: ಎಂಬ್ರಾಯರ್ ಇ175 ಮತ್ತು ಬೊಂಬಾರ್ಡಿಯರ್ ಸಿಆರ್‌ಜೆ700. ಮೈಕ್ರೋಸಾಫ್ಟ್ ಫ್ಲೈಟ್ ಸಿಮ್ಯುಲೇಟರ್‌ಗೆ ಫ್ಲೈಟ್‌ಸಿಮ್ ಸ್ಟುಡಿಯೊದ ಇ175 ಮತ್ತು ಏರೋಸಾಫ್ಟ್‌ನ ಸಿಆರ್‌ಜೆ ಇವೆ; ಎಕ್ಸ್-ಪ್ಲೇನ್ ಎಂಬ ಇನ್ನೊಂದು ಸಿಮ್ಯುಲೇಟರ್‌ಗೆ ಎಕ್ಸ್-ಕ್ರಾಫ್ಟ್ಸ್‌ನ ಇ-ಜೆಟ್‌ಗಳಿವೆ (ಇ175 ಸೇರಿರುವ ಎಂಬ್ರಾಯರ್ ಕುಟುಂಬ). ಇ175 ನಮ್ಮವರಿಗೆ ಹತ್ತಿರದ್ದು. 2019ರ ಜನವರಿಯಲ್ಲಿ ಬೆಂಗಳೂರು–ಹುಬ್ಬಳ್ಳಿ ನಡುವೆ ಹಾರಾಟ ಆರಂಭಿಸಿದ ಸ್ಟಾರ್ ಏರ್ ಈಗ ಹಾರಿಸುತ್ತಿರುವ ವಿಮಾನಗಳಲ್ಲಿ ಅದೂ ಒಂದು. ಇಲ್ಲಿನದೆಲ್ಲ ಸಿಮ್ಯುಲೇಟರ್‌ಗೆ ಮಾತ್ರ ಸಂಬಂಧಿಸಿದ್ದು ಎಂಬುದು ನೆನಪಿರಲಿ.

## ಮೊದಲು ಕೈಗೆ ಬೇಕಾದದ್ದು

ಜಾಯ್‌ಸ್ಟಿಕ್ ಒಂದೇ ಇದ್ದರೂ ಕೆಲಸ ಆಗುತ್ತದೆ. ಕಾಲಿನ ಪೆಡಲ್‌ಗಳಿದ್ದರೆ ಒಳ್ಳೆಯದು. ಮೂಗಿನ ಚಕ್ರ ತಿರುಗಿಸುವ ಟಿಲ್ಲರ್‌ಗೆಂದು ಒಂದು ಅಕ್ಷ ಬಿಡುವಾಗಿರಬೇಕು. ಪೆಡಲ್ ಇರುವವರು ಜಾಯ್‌ಸ್ಟಿಕ್‌ನ ಹಿಡಿ ತಿರುಚುವ ಅಕ್ಷವನ್ನೇ ಟಿಲ್ಲರ್ ಮಾಡಿಕೊಳ್ಳಬಹುದು.

ವಿಮಾನ ನಿಲ್ದಾಣದ ನಕ್ಷೆ ಬೇಕೇ ಬೇಕು. ಭಾರತದ ನಿಲ್ದಾಣಗಳ ನಕ್ಷೆಗಳನ್ನು ವಿಮಾನ ನಿಲ್ದಾಣ ಪ್ರಾಧಿಕಾರವೇ ತನ್ನ ಎಐಪಿ ಎಂಬ ಅಧಿಕೃತ ಮಾಹಿತಿ ಸಂಕಲನದಲ್ಲಿ ಉಚಿತವಾಗಿ ಕೊಡುತ್ತದೆ. ನಕ್ಷೆಯಿಲ್ಲದೆ ಬೆಂಗಳೂರಿನ ಟ್ಯಾಕ್ಸಿವೇಗಳಿಗೆ ಇಳಿಯಬೇಡಿ.

ಭೂಸೇವೆಗೆ ಒಂದೇ ತಂತ್ರಾಂಶ ಆರಿಸಿಕೊಳ್ಳಿ. ಸಿಮ್ಯುಲೇಟರ್‌ನಲ್ಲೇ ಇರುವುದು ಸಾಕು ಎನಿಸಿದರೆ ಅದು. ಇಲ್ಲವಾದರೆ ಮೈಕ್ರೋಸಾಫ್ಟ್‌ನದಕ್ಕೆ ಜಿಎಸ್‌ಎಕ್ಸ್ ಪ್ರೊ, ಎಕ್ಸ್-ಪ್ಲೇನ್‌ಗೆ ಬೆಟರ್‌ಪುಶ್‌ಬ್ಯಾಕ್. ಒಂದು ಒರೆಯಲ್ಲಿ ಎರಡು ಕತ್ತಿ ಇರಲಾರವು. ಟಗ್ ಕರೆಯುವ ತಂತ್ರಾಂಶ ಎರಡಿದ್ದರೆ ಒಂದೇ ವಿಮಾನಕ್ಕೆ ಎರಡು ಟಗ್ ಸಿಕ್ಕಿಸಿಕೊಳ್ಳುತ್ತವೆ. ಕಣ್ಣಿಗೆ ಕಾಣುವುದು ಒಂದೇ.

## ಹಂತ 1: ಅಕ್ಷಗಳನ್ನು ಶುದ್ಧ ಮಾಡಿಕೊಳ್ಳಿ

ಇದನ್ನು ಬಿಟ್ಟು ಮುಂದೆ ಹೋದವರೇ ಹೆಚ್ಚು ಎಡವುವುದು. ಆದ್ದರಿಂದ ಇಲ್ಲಿ ಅರ್ಧ ಗಂಟೆ ಕೊಡಿ.

ಹೊಸ ಸಾಧನ ಜೋಡಿಸಿದಾಗಲೆಲ್ಲ ಸಿಮ್ಯುಲೇಟರ್ ತಾನಾಗಿಯೇ ಅದಕ್ಕೊಂದು ಹಂಚಿಕೆ ಕೊಡುತ್ತದೆ. ಜಾಯ್‌ಸ್ಟಿಕ್‌ನ ತಿರುಚುವ ಅಕ್ಷಕ್ಕೂ ರಡರ್ (ಮೂಗನ್ನು ಎಡಬಲಕ್ಕೆ ತಿರುಗಿಸುವ ಬಾಲದ ಹಲಗೆ), ಪೆಡಲ್‌ಗೂ ರಡರ್, ಮೂಲೆಯಲ್ಲಿ ಮರೆತುಬಿಟ್ಟ ಗೇಮ್‌ಪ್ಯಾಡ್‌ಗೂ ರಡರ್. ಮೂವರೂ ಒಟ್ಟಿಗೆ ಮಾತನಾಡುತ್ತಿರುತ್ತಾರೆ. ನಿಯಂತ್ರಣಗಳ ಪುಟ ತೆರೆದು ಪ್ರತಿ ಸಾಧನದಲ್ಲಿಯೂ ಹುಡುಕಿ: ರಡರ್ ಅಕ್ಷ ಒಂದೇ ಕಡೆ, ಮೂಗಿನ ಚಕ್ರದ ಅಕ್ಷ ಒಂದೇ ಕಡೆ, ಎಡ ಬ್ರೇಕ್ ಒಂದೇ ಕಡೆ, ಬಲ ಬ್ರೇಕ್ ಒಂದೇ ಕಡೆ ಇರಬೇಕು. ಉಳಿದದ್ದನ್ನು ಅಳಿಸಿ. ಬೇಡದ ಗೇಮ್‌ಪ್ಯಾಡ್ ಕಳಚಿಡಿ.

ಮುಂದಿನದು ಪೆಡಲ್ ತುದಿಯ ಬ್ರೇಕ್. ಸೂಕ್ಷ್ಮತೆಯ ಪುಟದಲ್ಲಿ ಅಕ್ಷದ ಸದ್ಯದ ಸ್ಥಿತಿ ಪಟ್ಟಿಯಾಗಿ ಕಾಣುತ್ತದೆ. ಕಾಲು ತೆಗೆದಾಗ ಅದು ಬಿಟ್ಟ ಬ್ರೇಕ್ ತೋರಿಸಬೇಕು, ಪೂರ್ತಿ ಒತ್ತಿದಾಗ ಪೂರ್ತಿ ಬ್ರೇಕ್ ತೋರಿಸಬೇಕು. ತಿರುವುಮುರುವಾಗಿದ್ದರೆ ಅಕ್ಷವನ್ನು ಹಿಮ್ಮುಖ ಮಾಡಿ. ಹಿಮ್ಮುಖವಾದ ಬ್ರೇಕ್ ಎಂದರೆ ನೀವು ಕಾಲಿಡದೆಯೇ ಬ್ರೇಕ್ ಪೂರ್ತಿ ಹಿಡಿದಿದೆ ಎಂದರ್ಥ. ಟಗ್ ಎಷ್ಟು ತಳ್ಳಿದರೂ ವಿಮಾನ ಅಲುಗದಿರುವುದಕ್ಕೆ ನಾನು ಕಂಡ ಮೊದಲ ಕಾರಣ ಇದೇ.

ಎರಡು ತುದಿಯಲ್ಲಿಯೂ ಸ್ವಲ್ಪ ನಿಷ್ಕ್ರಿಯ ವಲಯ, ಅಂದರೆ ಅಲುಗಿದರೂ ಲೆಕ್ಕಕ್ಕೆ ಬಾರದ ಜಾಗ, ಕೊಡಿ. ಶೇ 5 ಸಾಕಾಗುತ್ತದೆ. ಇದರ ಬೆಲೆ ನನಗೆ ಗೊತ್ತಾದದ್ದು ಹೀಗೆ. ಒಮ್ಮೆ ನನ್ನ ಇ175 ವಾರವಿಡೀ ಎಡಕ್ಕೆ ಎಳೆಯುತ್ತಿತ್ತು. ಗಾಳಿ ಎಂದುಕೊಂಡೆ, ತೂಕ ಎಂದುಕೊಂಡೆ, ಮಾದರಿಯ ದೋಷ ಎಂದುಕೊಂಡೆ. ಕೊನೆಗೆ ಆ ಪುಟ ತೆರೆದು ಕೈಕಾಲು ಕಟ್ಟಿ ಸುಮ್ಮನೆ ನೋಡುತ್ತ ಕುಳಿತೆ. ಬಲ ಬ್ರೇಕ್‌ನ ಪಟ್ಟಿ ಕಲ್ಲಿನಂತೆ ಸ್ಥಿರವಾಗಿತ್ತು. ಎಡ ಬ್ರೇಕ್‌ನದು ಮಾತ್ರ ಉಸಿರಾಡುವಂತೆ ಸೊನ್ನೆಯಿಂದ ನಾಲ್ಕಕ್ಕೆ ಏರಿ ಇಳಿಯುತ್ತಿತ್ತು. ಪೆಡಲ್ ಒಳಗೆ ಧೂಳು ಸೇರಿತ್ತು. ಆ ನಾಲ್ಕೇ ಅಂಶ ಎಡಗಾಲಿಯನ್ನು ಹಿಡಿದುಕೊಂಡಿತ್ತು. ಒಂದೇ ಕಡೆ ಎಳೆಯುವ ವಿಮಾನ ನಿಮ್ಮ ಬಳಿಯೂ ಇದ್ದರೆ ಬೇರೆಲ್ಲಕ್ಕಿಂತ ಮೊದಲು ಅಲ್ಲಿ ನೋಡಿ.

ಟಿಲ್ಲರ್‌ನ ಅಕ್ಷಕ್ಕೆ ನಡುವೆ ಸ್ವಲ್ಪ ಹೆಚ್ಚು ನಿಷ್ಕ್ರಿಯ ವಲಯ ಕೊಟ್ಟು ವಕ್ರರೇಖೆಯನ್ನು ಮೃದುಗೊಳಿಸಿ, ಸಣ್ಣ ಚಲನೆಗೆ ಚಕ್ರ ಸಣ್ಣದಾಗಿಯೇ ತಿರುಗುವಂತೆ. ಕೊನೆಯದಾಗಿ, ನೆರವಿನ ಪುಟಕ್ಕೆ ಹೋಗಿ ಸ್ವಯಂಚಾಲಿತ ರಡರ್ ಮತ್ತು ಟ್ಯಾಕ್ಸಿ (ನೆಲದ ಮೇಲೆ ಸಾಗುವ) ನೆರವನ್ನು ನಿಲ್ಲಿಸಿ. ಅವು ಇದ್ದರೆ ವಿಮಾನ ಹಿಡಿದವರು ಇಬ್ಬರಾಗುತ್ತಾರೆ.

## ಹಂತ 2: ಸರಿಯಾದ ನಿಲುಗಡೆ ಆರಿಸಿ

ರನ್‌ವೇ ಮೇಲೆ ಅಲ್ಲ, ನಿಲುಗಡೆಯಲ್ಲಿ, ಎಲ್ಲವೂ ಆರಿರುವ ಸ್ಥಿತಿಯಲ್ಲಿ ಆರಂಭಿಸಿ. ಇ175ರ ರೆಕ್ಕೆಯ ಹರವು ಹಳೆಯ ಬಗೆಯ ರೆಕ್ಕೆತುದಿ ಇದ್ದರೆ 26 ಮೀಟರ್, ಹೊಸ ಉದ್ದನೆಯ ರೆಕ್ಕೆತುದಿ ಇದ್ದರೆ 28.65 ಮೀಟರ್. ಸಿಆರ್‌ಜೆ700ರದು 23 ಮೀಟರಿಗೆ ಸ್ವಲ್ಪ ಹೆಚ್ಚು. ತೀರ ಚಿಕ್ಕ ನಿಲುಗಡೆ ಆರಿಸಿದರೆ ರೆಕ್ಕೆ ಪಕ್ಕದ ವಾಹನಕ್ಕೆ ತಾಗುತ್ತದೆ. ದೊಡ್ಡ ವಿಮಾನದ ನಿಲುಗಡೆ ಆರಿಸಿದರೆ ಏರೋಬ್ರಿಡ್ಜ್ ಇಷ್ಟು ತಗ್ಗಿನ ಬಾಗಿಲಿಗೆ ಇಳಿಯದೆ ಗಾಳಿಯಲ್ಲೇ ನಿಲ್ಲಬಹುದು. ಟರ್ಮಿನಲ್‌ನಿಂದ ದೂರದ, ಬಸ್ಸಿನಲ್ಲಿ ಬಂದು ಮೆಟ್ಟಿಲು ಹತ್ತುವ ನಿಲುಗಡೆಯಲ್ಲಿ ಕಲಿಯುವುದೇ ಸುಲಭ.

ದೃಶ್ಯ ಮೂಡಿದ ಕೂಡಲೇ ಏನನ್ನೂ ಮುಟ್ಟಬೇಡಿ. ಸುತ್ತಲಿನ ನೆಲ, ಕಟ್ಟಡ ಪೂರ್ತಿ ತೆರೆದುಕೊಳ್ಳುವಾಗ ವಿಮಾನ ಒಂದೆರಡು ಬಾರಿ ಕುಣಿದು ಕೂರುತ್ತದೆ. ಅದು ಅಲುಗದೆ ನಿಂತ ಮೇಲೆ ಪಾರ್ಕಿಂಗ್ ಬ್ರೇಕ್ ಹಾಕಿದೆಯೇ, ಚಾಕ್ ಕೊಟ್ಟಿದೆಯೇ ಎಂದು ಹೊರಗಿನ ನೋಟದಿಂದ ಕಣ್ಣಾರೆ ನೋಡಿ. ಇಳಿಜಾರಿನಲ್ಲಿ ಲಾರಿ ನಿಲ್ಲಿಸಿ ಕ್ಲೀನರ್ ಗಾಲಿಗೆ ಕಲ್ಲು ಕೊಡುವಂತೆಯೇ ಈ ಚಾಕ್. ಹೆಚ್ಚಿನ ಹೊಸ ಮಾದರಿಗಳಲ್ಲಿ ಅದರ ಗುಂಡಿ ಕಾಕ್‌ಪಿಟ್‌ನ ಟ್ಯಾಬ್ಲೆಟ್‌ನಲ್ಲಿರುತ್ತದೆ. ಈಗ ವಿಮಾನ ಚಾಕ್‌ನ ಕೈಯಲ್ಲಿದೆ.

## ಹಂತ 3: ವಿದ್ಯುತ್ತನ್ನು ಕೈ ದಾಟಿಸುವುದು

ಬ್ಯಾಟರಿ, ಹೊರಗಿನಿಂದ ವಿದ್ಯುತ್ ಕೊಡುವ ಗಾಡಿಯಾದ ಜಿಪಿಯು, ಬಾಲದಲ್ಲಿರುವ ಪುಟ್ಟ ಸಹಾಯಕ ಎಂಜಿನ್ ಆದ ಎಪಿಯು, ಕೊನೆಗೆ ಎಂಜಿನ್‌ಗಳ ಜನರೇಟರ್. ಈ ಸಾಲಿನಲ್ಲೇ ಸಾಗಬೇಕು.

ಇ175ರಲ್ಲಿ ಬ್ಯಾಟರಿ 1 ಆನ್, ಬ್ಯಾಟರಿ 2 ಆಟೋ. ಟ್ಯಾಬ್ಲೆಟ್‌ನಿಂದ ಜಿಪಿಯು ಕರೆಯಿರಿ. ತಲೆಯ ಮೇಲಿನ ಫಲಕದಲ್ಲಿ ಜಿಪಿಯು ಗುಂಡಿ 'ಲಭ್ಯ' ಎಂದು ಬೆಳಗುತ್ತದೆ. ಒತ್ತಿದರೆ 'ಬಳಕೆಯಲ್ಲಿ' ಎಂದು ಬದಲಾಗುತ್ತದೆ. ಬರೀ 'ಲಭ್ಯ' ಎಂಬುದನ್ನೇ ನೋಡಿ ತೃಪ್ತರಾಗುವವರು ಅನೇಕರು. ಅವರ ಬ್ಯಾಟರಿ ಸದ್ದಿಲ್ಲದೆ ಖಾಲಿಯಾಗುತ್ತಿರುತ್ತದೆ.

ಹೊರಡುವ ಮುನ್ನ ಎಪಿಯು ಗುಂಡಿಯನ್ನು ಆನ್‌ಗೆ ತಿರುಗಿಸಿ, ಕೆಲವು ಸೆಕೆಂಡು ಬಿಟ್ಟು ಸ್ಟಾರ್ಟ್‌ಗೆ ತಿರುಗಿಸಿ ಬಿಡಿ; ಅದು ತಾನಾಗಿ ಆನ್‌ಗೆ ಮರಳುತ್ತದೆ. ಅದು ಪೂರ್ಣ ವೇಗಕ್ಕೆ ಏರಲು ಸಮಯ ಕೊಡಿ. ಆಮೇಲೆ ಕಾಕ್‌ಪಿಟ್‌ನಲ್ಲಿ ಜಿಪಿಯು ಗುಂಡಿ ಒತ್ತಿ ಬಿಡಿಸಿ. ಪರದೆಗಳು ಬೆಳಗುತ್ತಲೇ ಇವೆ ಎಂದು ನೋಡಿದ ಮೇಲೆ ಮಾತ್ರ ಟ್ಯಾಬ್ಲೆಟ್‌ನಿಂದ ಗಾಡಿಯನ್ನು ಕಳುಹಿಸಿ. ಈ ಕ್ರಮ ತಪ್ಪಿ ಗಾಡಿಯನ್ನು ಮೊದಲು ಕಳುಹಿಸಿದರೆ ಎಲ್ಲ ಪರದೆಗಳೂ ಒಮ್ಮೆಲೇ ಕಪ್ಪಾಗಬಹುದು. ಇಪ್ಪತ್ತು ನಿಮಿಷ ಕೂತು ತುಂಬಿದ ಹಾರಾಟದ ಯೋಜನೆಯೂ ಅದರೊಂದಿಗೆ ಹೋಗಬಹುದು.

ಸಿಆರ್‌ಜೆಯಲ್ಲಿ ಕ್ರಮ ಇದೇ, ಗುಂಡಿಗಳ ಜಾಗ ಬೇರೆ.

## ಹಂತ 4: ಜನ, ಸರಕು, ಇಂಧನ

ಇದರಲ್ಲಿ ತಪ್ಪುವುದು ಒಂದೇ ಕಡೆ, ಆದರೆ ಆ ತಪ್ಪು ದುಬಾರಿ. ವಿಮಾನದ ಟ್ಯಾಬ್ಲೆಟ್‌ನಲ್ಲಿ ತೂಕ ತುಂಬುವ ಪುಟವಿದ್ದರೆ ಅದನ್ನು ಮಾತ್ರ ಬಳಸಿ. ಸಿಮ್ಯುಲೇಟರ್‌ನ ಸ್ವಂತ ತೂಕದ ಪಟ್ಟಿಯನ್ನು ಮುಟ್ಟಲೇಬೇಡಿ. ಎರಡೂ ಕಡೆ ತುಂಬಿದರೆ ಗುರುತ್ವ ಕೇಂದ್ರ ಹಿಂದಕ್ಕೆ ಸರಿದು ಮೂಗಿನ ಚಕ್ರದ ಮೇಲಿನ ಭಾರ ಇಳಿಯಬಹುದು. ಭಾರವಿಲ್ಲದ ಚಕ್ರ ತಿರುಗುತ್ತದೆ, ಆದರೆ ವಿಮಾನವನ್ನು ತಿರುಗಿಸುವುದಿಲ್ಲ. ಜಾರುತ್ತ ನೇರ ಹೋಗುತ್ತದೆ. ನಿಂತಲ್ಲೇ ಮೂಗು ಮೇಲಕ್ಕೆತ್ತಿದಂತೆ ಕಂಡರೆ ಅದೇ ಎಚ್ಚರಿಕೆ.

ಇಂಧನವನ್ನು ತುಂಬಾ ತುಂಬಿಸಬೇಡಿ. ಇ175ರ ಟ್ಯಾಂಕ್‌ಗಳಿಗೆ 9 ಟನ್ನಿಗೂ ಹೆಚ್ಚು ಹಿಡಿಯುತ್ತದೆ. ಬೆಂಗಳೂರು–ಹುಬ್ಬಳ್ಳಿಯಂಥ ಒಂದು ಗಂಟೆಯ ಹಾದಿಗೆ ಪೂರ್ತಿ ತುಂಬಿಸಿದರೆ, ಜನ ಸರಕು ಸೇರಿ, ಇಳಿಯುವ ಹೊತ್ತಿಗೆ ಅನುಮತಿಗಿಂತ ಹೆಚ್ಚು ತೂಕ ಉಳಿದಿರುತ್ತದೆ.

ಇ-ಜೆಟ್‌ನಲ್ಲಿ ಪ್ರಯಾಣಿಕರು ಹತ್ತುವುದು ಎಡಗಡೆ. ಸರಕಿನ ಬಾಗಿಲು, ಇಂಧನ ತುಂಬುವ ಜಾಗ ಬಲಗಡೆ. ಎಲ್ಲ ಬಾಗಿಲು ಮುಚ್ಚಿವೆ, ಮೆಟ್ಟಿಲು ಮತ್ತು ವಾಹನಗಳು ದೂರ ಹೋಗಿವೆ ಎಂದು ವಿಮಾನದ ಸುತ್ತ ಹೊರಗಿನ ನೋಟದಲ್ಲಿ ಒಂದು ಸುತ್ತು ಬನ್ನಿ. ತೆರೆದ ಒಂದು ಬಾಗಿಲು ಇದ್ದರೂ ಟಗ್ ತಂತ್ರಾಂಶ ಕಾರಣ ಹೇಳದೆ ಕಾಯುತ್ತಾ ನಿಲ್ಲಬಹುದು.

## ಹಂತ 5: ಪುಶ್‌ಬ್ಯಾಕ್

ಟಗ್ ವಿಮಾನವನ್ನು ನಿಲುಗಡೆಯಿಂದ ಹಿಂದಕ್ಕೆ ತಳ್ಳುವುದೇ ಪುಶ್‌ಬ್ಯಾಕ್. ಇಲ್ಲಿಯೇ ಎಲ್ಲರೂ ಸೋಲುವುದು. ನಿಧಾನವಾಗಿ ಓದಿ.

ಮೂಗು ಯಾವ ಕಡೆ? ಟಗ್ ಕರೆಯುವ ಮೊದಲೇ ಇದನ್ನು ತೀರ್ಮಾನಿಸಿ. ಬೆಂಗಳೂರಿನ ಎರಡೂ ರನ್‌ವೇಗಳು ಪೂರ್ವ–ಪಶ್ಚಿಮವಾಗಿವೆ, 09 ಮತ್ತು 27 ಎಂಬ ಹೆಸರಿನಲ್ಲಿ. 27ರಿಂದ ಏರುವವರು ಪಶ್ಚಿಮಕ್ಕೆ ಹಾರುತ್ತಾರೆ, ಆದ್ದರಿಂದ ಮೂಗು ಪಶ್ಚಿಮಕ್ಕೆ ಇರಲಿ ಎಂದು ಬಹಳ ಜನ ಆದೇಶ ಕೊಡುತ್ತಾರೆ. ಅದು ತಪ್ಪು. 27ರ ಆರಂಭದ ತುದಿ ಇರುವುದು ಪೂರ್ವದಲ್ಲಿ. ಅಲ್ಲಿಗೆ ಹೋಗಬೇಕಾದರೆ ಪೂರ್ವಕ್ಕೆ ಮುಖ ಮಾಡಿ ಸಾಗಬೇಕು. ಹಾರುವ ದಿಕ್ಕು ಬೇರೆ, ಟ್ಯಾಕ್ಸಿ ಮಾಡುವ ದಿಕ್ಕು ಬೇರೆ.

ಇನ್ನು ನಿಮ್ಮ ತಂತ್ರಾಂಶ ಕೇಳುವ 'ಎಡ' ಬಾಲದ ಎಡವೋ ಮೂಗಿನ ಎಡವೋ ತಿಳಿದುಕೊಳ್ಳಿ. ಬಾಲ ಎಡಕ್ಕೆ ಹೋದರೆ ಮೂಗು ಬಲಕ್ಕೆ ಬರುತ್ತದೆ. ಎಡ–ಬಲದ ಗೊಂದಲ ಬೇಡವೆಂದರೆ 'ಕೊನೆಯಲ್ಲಿ ಮೂಗು ಪೂರ್ವಕ್ಕೆ' ಎಂದು ದಿಕ್ಕಿನಲ್ಲೇ ಕಾಗದದ ಮೇಲೆ ಬರೆದಿಟ್ಟುಕೊಳ್ಳಿ. ಬೆಟರ್‌ಪುಶ್‌ಬ್ಯಾಕ್‌ನಲ್ಲಿ ಹಾದಿಯನ್ನು ಮೌಸ್‌ನಿಂದ ನೆಲದ ಮೇಲೆಯೇ ಗುರುತಿಸಬಹುದಾದ್ದರಿಂದ ಈ ಗೊಂದಲ ಬಹುಪಾಲು ತಪ್ಪುತ್ತದೆ.

ಮೂಗಿನ ಚಕ್ರವನ್ನು ಬಿಟ್ಟುಕೊಡಿ. ಟಗ್ ಹಿಡಿಯುವುದು ಮೂಗಿನ ಚಕ್ರವನ್ನು. ಅದೇ ಚಕ್ರವನ್ನು ನಿಮ್ಮ ಟಿಲ್ಲರ್ ಕೂಡ ಹಿಡಿದಿದ್ದರೆ ಜಗಳ ಖಚಿತ. ಸಿಆರ್‌ಜೆಯಲ್ಲಿ ಎಡಬದಿಯ ಫಲಕದಲ್ಲಿರುವ ಮೂಗಿನ ಚಕ್ರದ ಸ್ವಿಚ್ಚನ್ನು ಆಫ್ ಮಾಡಿ. ಇ175ರಲ್ಲಿ ಸ್ಟಿಯರಿಂಗ್ ಬಿಡಿಸಿದಾಗ ಎಂಜಿನ್ ಪರದೆಯಲ್ಲಿ 'ಸ್ಟಿಯರ್ ಆಫ್' ಎಂಬ ಸಂದೇಶ ಬರಬೇಕು. ಈ ಸಂದೇಶ ಕಂಡು ಗಾಬರಿಯಾಗಿ ಅದನ್ನು ಹೋಗಲಾಡಿಸಲು ಹೊರಡುವವರಿದ್ದಾರೆ. ಪುಶ್‌ಬ್ಯಾಕ್‌ನ ಹೊತ್ತಿನಲ್ಲಿ ಅದು ಇರಬೇಕಾದ ಸಂದೇಶ.

ಇದನ್ನು ಮಾಡದಿದ್ದರೆ ಏನಾಗುತ್ತದೆ ಎಂದು ನೋಡಬೇಕೆಂದರೆ ಹೊರಗಿನ ಕ್ಯಾಮೆರಾವನ್ನು ಮೂಗಿನ ಚಕ್ರದ ಹತ್ತಿರಕ್ಕೆ ತನ್ನಿ. ಟಗ್ ಚಕ್ರವನ್ನು ನೇರ ಹಿಡಿದಿರುತ್ತದೆ. ಜಾಯ್‌ಸ್ಟಿಕ್‌ನ ಹಿಡಿ ಒಂದಿಷ್ಟು ಅಲುಗಿದರೂ ಟೈರ್ ಬೆಕ್ಕಿನ ಕಿವಿಯಂತೆ ಸರಕ್ಕನೆ ಪಕ್ಕಕ್ಕೆ ಹೊರಳಿ ಮತ್ತೆ ಹಿಂದಕ್ಕೆ ಬರುತ್ತದೆ. ಹತ್ತು ಸೆಕೆಂಡಿನಲ್ಲಿ ಇಡೀ ವಿಮಾನ ಅಡ್ಡ ತಿರುಗಿರುತ್ತದೆ. ಬುಗುರಿಯಂತೆ ತಿರುಗಿತು ಎಂದು ಹೇಳುವವರಿಗೆಲ್ಲ ಆದದ್ದು ಇದೇ.

ಕೈ ದಾಟಿಸುವ ಕ್ರಮ. ಮೊದಲು ಪಾರ್ಕಿಂಗ್ ಬ್ರೇಕ್ ಹಾಕಿದೆ ಎಂದು ಖಚಿತ ಮಾಡಿಕೊಳ್ಳಿ. ಆಮೇಲೆ ಚಾಕ್ ತೆಗೆಸಿ. ಈಗ ವಿಮಾನ ಬ್ರೇಕ್‌ನ ಕೈಯಲ್ಲಿದೆ. ಕೆಂಪು ಬೀಕನ್ ದೀಪ ಹಾಕಿ, ಟಗ್ ಕರೆಯಿರಿ. ಟಗ್ ಸಿಕ್ಕಿಸಿಕೊಳ್ಳುವ ತನಕ ಬ್ರೇಕ್ ಬಿಡಬೇಡಿ. ಸಿಕ್ಕಿಸಿಕೊಂಡು ಬ್ರೇಕ್ ಬಿಡಿ ಎಂದು ನೆಲದ ಸಿಬ್ಬಂದಿ ಕೇಳಿದಾಗ ಪಾರ್ಕಿಂಗ್ ಬ್ರೇಕ್ ಬಿಡಿ, ಪೆಡಲ್‌ನಿಂದ ಕಾಲೂ ತೆಗೆಯಿರಿ. ಈಗ ವಿಮಾನ ಟಗ್‌ನ ಕೈಯಲ್ಲಿದೆ. ನೀವು ಏನನ್ನೂ ಹಿಡಿಯಬಾರದು.

ತಳ್ಳುವಾಗ ಮಧ್ಯದಲ್ಲಿ ಬ್ರೇಕ್ ಒತ್ತಬೇಡಿ. ನಿಜವಾದ ವಿಮಾನದಲ್ಲಾದರೆ ಟಗ್ಗನ್ನು ವಿಮಾನಕ್ಕೆ ಜೋಡಿಸುವ ಸರಳು, ಅಂದರೆ ಟೋಬಾರ್, ಮುರಿಯಬಹುದು. ಸಿಮ್ಯುಲೇಟರ್‌ನಲ್ಲಿ ಟಗ್ ಒಂದು ಕಡೆ, ವಿಮಾನ ಒಂದು ಕಡೆ ಆಗಿ ಎರಡಕ್ಕೂ ಸಂಬಂಧ ತಪ್ಪುತ್ತದೆ. ನಿಲ್ಲಿಸಲೇಬೇಕಾದರೆ ತಂತ್ರಾಂಶದ ನಿಲ್ಲಿಸುವ ಆದೇಶವನ್ನೇ ಕೊಡಿ.

ಟಗ್ ಪೂರ್ತಿ ನಿಂತ ಮೇಲೆ ಪಾರ್ಕಿಂಗ್ ಬ್ರೇಕ್ ಹಾಕಿ, ಬ್ರೇಕ್ ಹಾಕಿದೆ ಎಂದು ತಿಳಿಸಿ, ಆಮೇಲೆ ಬಿಡಿಸಲು ಹೇಳಿ. ಟಗ್ ನಿಮ್ಮ ಕಣ್ಣೆದುರು ಬದಿಗೆ ಹೋಗಿ ನಿಲ್ಲುವ ತನಕ ಕಾಯಿರಿ. ಅದು ಹೋದ ಮೇಲಷ್ಟೇ ಸಿಆರ್‌ಜೆಯ ಸ್ವಿಚ್ಚನ್ನು 'ಆರ್ಮ್ಡ್'ಗೆ ಮರಳಿಸಿ. ಇ175ರ ಸ್ಟಿಯರಿಂಗ್ ಹ್ಯಾಂಡಲ್ (ಅದರ ಟಿಲ್ಲರ್) ಒತ್ತಿ 'ಸ್ಟಿಯರ್ ಆಫ್' ಹೋಯಿತೇ ನೋಡಿ. ಎಂಜಿನ್ ಓಡುತ್ತಿದ್ದರೂ ವಿಮಾನ ತಿರುಗುವುದಿಲ್ಲ ಎಂಬ ಮೂರನೆಯ ದೂರು ಹುಟ್ಟುವುದು ಈ ಒಂದು ಸಾಲು ಮರೆತಾಗ.

ಟಗ್ ಅಲುಗದಿದ್ದರೆ ಈ ಕ್ರಮದಲ್ಲಿ ಹುಡುಕಿ: ಪಾರ್ಕಿಂಗ್ ಬ್ರೇಕ್ ನಿಜಕ್ಕೂ ಬಿಟ್ಟಿದೆಯೇ, ಟ್ಯಾಬ್ಲೆಟ್‌ನಲ್ಲಿ ಚಾಕ್ ತೆಗೆದಿದೆಯೇ, ಪೆಡಲ್‌ನ ಬ್ರೇಕ್ ಸೊನ್ನೆಯಲ್ಲಿದೆಯೇ, ಬಾಗಿಲು ಮುಚ್ಚಿವೆಯೇ, ಇನ್ನೊಂದು ತಂತ್ರಾಂಶದ ಟಗ್ ಸಿಕ್ಕಿಸಿಕೊಂಡಿದೆಯೇ. ಮೈಕ್ರೋಸಾಫ್ಟ್‌ನದರಲ್ಲಿ ಶಿಫ್ಟ್ ಮತ್ತು ಪಿ ಕೀಲಿಗಳು ಒಟ್ಟಿಗೆ ಸಿಮ್ಯುಲೇಟರ್‌ನ ಸ್ವಂತ ಪುಶ್‌ಬ್ಯಾಕ್ ಕರೆಯುತ್ತವೆ. ಕೈತಪ್ಪಿ ಒತ್ತಿದ್ದರೆ ಮತ್ತೊಮ್ಮೆ ಒತ್ತಿ ನಿಲ್ಲಿಸಿ. ಬೇರೆ ಟಗ್ ಬಳಸುವವರು ಆ ಕೀಲಿಯ ಹಂಚಿಕೆಯನ್ನೇ ಅಳಿಸಿಬಿಡುವುದು ಲೇಸು.

## ಹಂತ 6: ಎಂಜಿನ್ ಚಾಲೂ

ಹೊಸಬರು ಪುಶ್‌ಬ್ಯಾಕ್ ಮುಗಿದು ಪಾರ್ಕಿಂಗ್ ಬ್ರೇಕ್ ಹಾಕಿದ ಮೇಲೆಯೇ ಚಾಲೂ ಮಾಡಿ. ತಳ್ಳುವಾಗಲೇ ಚಾಲೂ ಮಾಡುವುದು ಅಭ್ಯಾಸವಾದ ಮೇಲೆ ಸಾಕು.

ಇ175ರಲ್ಲಿ ಗುಂಡಿಯನ್ನು ಸ್ಟಾರ್ಟ್‌ಗೆ ತಿರುಗಿಸಿ ಬಿಟ್ಟರೆ ಉಳಿದದ್ದನ್ನು ಎಂಜಿನ್‌ನ ಗಣಕವೇ ನೋಡಿಕೊಳ್ಳುತ್ತದೆ. ಎಪಿಯುನ ಗಾಳಿ ತೆರೆದಿರಬೇಕು ಅಷ್ಟೆ. ಸಿಆರ್‌ಜೆಯಲ್ಲಿ ಕೈಕೆಲಸವಿದೆ: ಸ್ಟಾರ್ಟ್ ಒತ್ತಿ, ಎನ್2 (ಎಂಜಿನ್‌ನ ಒಳಭಾಗ ತಿರುಗುವ ವೇಗ) ಶೇ 20 ತಲುಪಿದಾಗ ಎಂಜಿನ್‌ನ ಬಲ ಹೊಂದಿಸುವ ಥ್ರಸ್ಟ್ ಲಿವರನ್ನು ಮುಚ್ಚಿದ ಸ್ಥಾನದಿಂದ ಐಡಲ್‌ಗೆ, ಅಂದರೆ ಎಂಜಿನ್ ಕನಿಷ್ಠ ವೇಗದಲ್ಲಿ ಓಡುವ ಸ್ಥಾನಕ್ಕೆ, ತರಬೇಕು. ಮನೆಯ ಥ್ರಾಟಲ್‌ಗೆ ಆ ಮುಚ್ಚಿದ ಸ್ಥಾನ ಇರುವುದಿಲ್ಲವಾದ್ದರಿಂದ ಅದಕ್ಕೊಂದು ಬಟನ್ ಹಂಚಿ.

ಎರಡೂ ಎಂಜಿನ್ ಐಡಲ್‌ನಲ್ಲಿ ಸಮನಾಗಿ ನಿಂತಿವೆಯೇ ನೋಡಿ. ಲಿವರ್ ಪೂರ್ತಿ ಹಿಂದಿದ್ದರೂ ಒಂದರ ಎನ್1 (ಮುಂದಿನ ಫ್ಯಾನ್ ತಿರುಗುವ ವೇಗ) ಇನ್ನೊಂದಕ್ಕಿಂತ ಮೇಲಿದ್ದರೆ ಥ್ರಾಟಲ್ ಅಳತೆ ಹೊಂದಿಸಿಲ್ಲ ಎಂದರ್ಥ. ಅಂಥ ವಿಮಾನ ಬ್ರೇಕ್ ಬಿಟ್ಟ ಕೂಡಲೇ ತಾನಾಗಿ ಹೊರಟುಬಿಡುತ್ತದೆ.

ಹೈಡ್ರಾಲಿಕ್ಸ್, ಅಂದರೆ ದ್ರವದ ಒತ್ತಡದಿಂದ ಕೆಲಸ ಮಾಡುವ ವ್ಯವಸ್ಥೆಯ ಕಡೆಗೂ ಒಂದು ಕಣ್ಣಿರಲಿ. ಸಿಆರ್‌ಜೆಯಲ್ಲಿ ಮೂಗಿನ ಚಕ್ರ ತಿರುಗುವುದು ಮೂರನೆಯ ಹೈಡ್ರಾಲಿಕ್ ವ್ಯವಸ್ಥೆಯ ಬಲದಿಂದ. ಅದರ 3ಎ ಪಂಪ್ ಆನ್ ಆಗಿಲ್ಲದಿದ್ದರೆ ಟಿಲ್ಲರ್ ಎಷ್ಟು ತಿರುಗಿಸಿದರೂ ಚಕ್ರಕ್ಕೆ ಸುದ್ದಿ ಮುಟ್ಟುವುದಿಲ್ಲ.

## ಹಂತ 7: ಟ್ಯಾಕ್ಸಿ

ಪೆಡಲ್ ಬೇರೆ, ಟಿಲ್ಲರ್ ಬೇರೆ. ಇ175ರಲ್ಲಿ ಪೆಡಲ್ ಮೂಗಿನ ಚಕ್ರವನ್ನು ಸುಮಾರು 7 ಡಿಗ್ರಿಯಷ್ಟೇ ತಿರುಗಿಸುತ್ತದೆ. ಹ್ಯಾಂಡಲ್ 76 ಡಿಗ್ರಿಯವರೆಗೆ ತಿರುಗಿಸುತ್ತದೆ. ಸಿಆರ್‌ಜೆ700ರಲ್ಲೂ ಹೆಚ್ಚು ಕಡಿಮೆ ಇದೇ ಲೆಕ್ಕ: 8 ಮತ್ತು 80. ನೇರ ಹಾದಿಗೆ ಪೆಡಲ್, ತಿರುವಿಗೆ ಟಿಲ್ಲರ್. ಪೆಡಲ್ ಒಂದರಿಂದಲೇ 90 ಡಿಗ್ರಿ ತಿರುವಿಗೆ ಹೋದರೆ ವಿಮಾನ ಹುಲ್ಲಿಗಿಳಿಯುತ್ತದೆ. ಅದು ಮಾದರಿಯ ದೋಷವಲ್ಲ, ವಿಮಾನ ಇರುವುದೇ ಹಾಗೆ.

ಹೊರಡುವಾಗ ಕಾಲಿನಿಂದ ಬ್ರೇಕ್ ಒತ್ತಿ ಹಿಡಿದು ಪಾರ್ಕಿಂಗ್ ಬ್ರೇಕ್ ಬಿಡಿ. ಬಳಿಕ ಕಾಲು ಸಡಿಲಿಸಿ. ಈಗ ವಿಮಾನ ನಿಮ್ಮ ಕೈಯಲ್ಲಿದೆ. ಹಗುರವಾಗಿದ್ದರೆ ಐಡಲ್‌ನಲ್ಲೇ ಸರಿಯತೊಡಗುತ್ತದೆ. ಸರಿಯದಿದ್ದರೆ ಥ್ರಸ್ಟ್ ತುಸು ಏರಿಸಿ, ಎನ್1 ಶೇ 40 ದಾಟದಂತೆ. ಚಕ್ರ ಉರುಳಿದ ಕೂಡಲೇ ಐಡಲ್‌ಗೆ ತನ್ನಿ. ಜೆಟ್ ಎಂಜಿನ್ ತಡವಾಗಿ ಸ್ಪಂದಿಸುತ್ತದೆ. ಹೊರಡಲಿಲ್ಲವೆಂದು ಮತ್ತೆ ಮತ್ತೆ ಲಿವರ್ ಮುಂದಕ್ಕೆ ತಳ್ಳಿದರೆ ಐದು ಸೆಕೆಂಡಿನ ಬಳಿಕ ಅದೆಲ್ಲ ಒಟ್ಟಿಗೆ ಬಂದು ಬೆನ್ನಿಗೆ ಬೀಳುತ್ತದೆ. ಮೊದಲ ಹತ್ತು ಮೀಟರ್‌ನಲ್ಲೇ ಒಮ್ಮೆ ಬ್ರೇಕ್ ಮುಟ್ಟಿ ಅದು ಹಿಡಿಯುತ್ತದೆಯೇ ನೋಡಿ.

ವೇಗ: ನೇರ ಹಾದಿಯಲ್ಲಿ 20 ನಾಟ್ ಆಸುಪಾಸು, 90 ಡಿಗ್ರಿ ತಿರುವಿನಲ್ಲಿ 10ಕ್ಕಿಂತ ಕೆಳಗೆ, ನಿಲುಗಡೆಯ ಒಳಗೆ ನಡಿಗೆಯ ವೇಗ. ಕಿಟಕಿಯಾಚೆ ನೋಡಿ ಅಂದಾಜಿಸಬೇಡಿ; ಪರದೆಯ ಮೇಲೆ ನೆಲದ ವೇಗವನ್ನೇ ನೋಡಿ. ಮನೆಯ ಪರದೆಯಲ್ಲಿ 30 ನಾಟ್ ಕೂಡ ಆಮೆಯ ನಡಿಗೆಯಂತೆ ಕಾಣುತ್ತದೆ.

ಬ್ರೇಕ್ ಮೇಲೆ ಕಾಲಿಟ್ಟುಕೊಂಡೇ ಸಾಗುವುದು ಅತಿ ಸಾಮಾನ್ಯ ಕೆಟ್ಟ ಚಾಳಿ. ಥ್ರಸ್ಟ್ ಐಡಲ್‌ನಲ್ಲಿ ಬಿಟ್ಟು ವೇಗ 20 ದಾಟುವವರೆಗೆ ಏರಲು ಬಿಡಿ. ಆಮೇಲೆ ಎರಡೂ ಬ್ರೇಕ್ ಒಟ್ಟಿಗೆ, ಗಟ್ಟಿಯಾಗಿ, ಒಂದೇ ಸಲ ಒತ್ತಿ 10ಕ್ಕೆ ಇಳಿಸಿ ಕಾಲು ಪೂರ್ತಿ ತೆಗೆಯಿರಿ. ಬ್ರೇಕ್ ತಾಪಮಾನ ತೋರಿಸುವ ಮಾದರಿಗಳಲ್ಲಿ ಎರಡೂ ಅಭ್ಯಾಸಗಳ ಅಂತರ ಅಂಕಿಗಳಲ್ಲೇ ಕಾಣುತ್ತದೆ.

ತಿರುವಿನಲ್ಲಿ ನೆನಪಿಡಬೇಕಾದದ್ದು ನೀವು ಕುಳಿತ ಜಾಗ. ನಿಮ್ಮ ಆಸನ ಮೂಗಿನ ಚಕ್ರಕ್ಕಿಂತ ಮುಂದಿದೆ, ಮುಖ್ಯ ಚಕ್ರಗಳು ತುಂಬ ಹಿಂದಿವೆ. ಹಳದಿ ಗೆರೆ ತಿರುಗುವ ಜಾಗ ನಿಮ್ಮ ಆಸನದ ಕೆಳಗೆ ಬಂದಾಗಲೂ ಇನ್ನೊಂದು ಕ್ಷಣ ನೇರ ಹೋಗಿ, ಆಮೇಲೆ ಟಿಲ್ಲರ್ ತಿರುಗಿಸಿ. ಬೇಗ ತಿರುಗಿದರೆ ಒಳಗಡೆಯ ಮುಖ್ಯ ಚಕ್ರ ಮೂಲೆ ಕತ್ತರಿಸಿ ಹುಲ್ಲಿಗಿಳಿಯುತ್ತದೆ. ಉದ್ದನೆಯ ಕಬ್ಬಿನ ಟ್ರ್ಯಾಕ್ಟರ್ ಊರ ಓಣಿಯಲ್ಲಿ ತಿರುಗುವುದನ್ನು ನೋಡಿದವರಿಗೆ ಇದು ಬೇಗ ಅರ್ಥವಾಗುತ್ತದೆ. ಟ್ರ್ಯಾಕ್ಟರ್ ಹೊರಳಿದಂತೆ ಹಿಂದಿನ ಟ್ರೇಲರ್ ಒಳಕ್ಕೇ ಎಳೆಯುತ್ತದೆ.

ಅಪಾಯದ ಗುರುತುಗಳು ಎರಡು. ಟಿಲ್ಲರ್ ಪೂರ್ತಿ ತಿರುಗಿದೆ, ಆದರೂ ವಿಮಾನ ನೇರ ಜಾರುತ್ತಿದೆ: ವೇಗ ಹೆಚ್ಚಾಗಿದೆ. ಇನ್ನಷ್ಟು ತಿರುಗಿಸಬೇಡಿ, ಟಿಲ್ಲರ್ ತುಸು ಸಡಿಲಿಸಿ, ಬ್ರೇಕ್ ಒತ್ತಿ. ಕೊಟ್ಟ ಆದೇಶಕ್ಕೆ ವಿಮಾನ ತಡವಾಗಿ ಸ್ಪಂದಿಸಿ ಹಾವಿನಂತೆ ಹರಿದಾಡುತ್ತಿದೆ: ಪರದೆಯ ಚಿತ್ರದರ ಕುಸಿದಿರಬಹುದು. ದೊಡ್ಡ ನಿಲ್ದಾಣಗಳಲ್ಲಿ ನಿಂತ ವಿಮಾನಗಳು ಮತ್ತು ವಾಹನಗಳ ಸಂಖ್ಯೆ ಇಳಿಸಿ ನೋಡಿ.

## ಹಂತ 8: ರನ್‌ವೇ ಮೇಲೆ ಹಿಂದಕ್ಕೆ ಸಾಗಿ ತಿರುಗುವುದು

ಹುಬ್ಬಳ್ಳಿ, ಕಲಬುರಗಿಯಂಥ ನಿಲ್ದಾಣಗಳಲ್ಲಿ ರನ್‌ವೇಗೆ ಸಮಾನಾಂತರವಾದ ಟ್ಯಾಕ್ಸಿವೇ ಇಲ್ಲ. ರನ್‌ವೇ ಮೇಲೆಯೇ ತುದಿಯವರೆಗೆ ಸಾಗಿ ಅಲ್ಲಿ 180 ಡಿಗ್ರಿ ತಿರುಗಬೇಕು. ಬೆಂಗಳೂರಿನಲ್ಲಿ ಕಲಿತವರು ಇಲ್ಲಿ ತಡವರಿಸುತ್ತಾರೆ.

ತುದಿಯಲ್ಲಿ ತಿರುಗುವ ಅಗಲ ಜಾಗವಿದ್ದರೆ ಅದರ ಗೆರೆಯನ್ನು ಅನುಸರಿಸಿ. ಇಲ್ಲವಾದರೆ ಬಲ ಅಂಚಿನ ಕಡೆಗೆ ಸರಿದು ಎಡಕ್ಕೆ ತಿರುಗಿ. ಎಡ ಆಸನದಲ್ಲಿರುವ ನಿಮಗೆ ಹಾದಿ ಪೂರ್ತಿ ಕಾಣುತ್ತದೆ. ವೇಗ 5ರಿಂದ 8 ನಾಟ್. ಟಿಲ್ಲರನ್ನು ಹಂತಹಂತವಾಗಿ ಪೂರ್ತಿ ತನ್ನಿ. ಹೊರಗಡೆಯ, ಅಂದರೆ ಬಲ ಎಂಜಿನ್‌ಗೆ ತುಸು ಥ್ರಸ್ಟ್ ಕೊಟ್ಟು ಚಲನೆ ಉಳಿಸಿಕೊಳ್ಳಿ. ನಡುವೆ ನಿಂತುಬಿಟ್ಟರೆ ಮತ್ತೆ ಹೊರಡಿಸಲು ಹೆಚ್ಚು ಥ್ರಸ್ಟ್ ಬೇಕಾಗುತ್ತದೆ, ಮೂಗಿನ ಚಕ್ರ ಅಡ್ಡ ಉಜ್ಜುತ್ತದೆ. ಒಳಗಾಲಿಯ ಬ್ರೇಕನ್ನು ಪೂರ್ತಿ ಬಿಗಿದು ಅದರ ಮೇಲೆಯೇ ವಿಮಾನ ತಿರುಗಿಸುವುದು ಟೈರ್‌ಗೆ ಹಾನಿ, ಅಭ್ಯಾಸ ಮಾಡಿಕೊಳ್ಳಬೇಡಿ.

ತಿರುಗಿದ ಮೇಲೆ ನಡುಗೆರೆಯ ಮೇಲೆ ಕೆಲವು ಮೀಟರ್ ನೇರ ಉರುಳಿಸಿ ಮೂಗಿನ ಚಕ್ರ ನೇರವಾಗಲು ಬಿಡಿ. ಅಡ್ಡ ಉಳಿದ ಚಕ್ರದೊಂದಿಗೆ ಪೂರ್ಣ ಥ್ರಸ್ಟ್ ಕೊಟ್ಟರೆ ಮೊದಲ ಕ್ಷಣದಲ್ಲೇ ರನ್‌ವೇ ಬಿಡುತ್ತೀರಿ. ಇಲ್ಲಿಂದ ಮುಂದೆ ಟಿಲ್ಲರ್ ಮುಟ್ಟಬೇಡಿ. ಏರುವ ಓಟ ಪೂರ್ತಿ ಪೆಡಲ್‌ಗಳದ್ದು.

## ಹಂತ 9: ಇಳಿದ ಮೇಲೆ, ನಿಲುಗಡೆಯಲ್ಲಿ

ನಿಲುಗಡೆಗೆ ತಿರುಗುವ ಮುನ್ನವೇ ಎಪಿಯು ಚಾಲೂ ಮಾಡಿ. ಒಳಗೆ ಸಾಗುವಾಗ ಥ್ರಸ್ಟ್ ಏರಿಸುವ ಸಂದರ್ಭ ಬಾರದಂತೆ ಸ್ವಲ್ಪ ಚಲನೆ ಉಳಿಸಿಕೊಂಡಿರಿ. ನಿಂತ ಕೂಡಲೇ ಪಾರ್ಕಿಂಗ್ ಬ್ರೇಕ್ ಹಾಕಿ.

ಇಳಿದ ಬಳಿಕ ಐಡಲ್‌ನಲ್ಲಿ ಎರಡು ನಿಮಿಷವಾದರೂ ಕಳೆದಿದ್ದರೆ ಎಂಜಿನ್ ನಿಲ್ಲಿಸಬಹುದು. ಅದಕ್ಕೂ ಮೊದಲು ಎಪಿಯು ವಿದ್ಯುತ್ ಕೊಡುತ್ತಿದೆಯೇ ನೋಡಿ; ಅದು ಸಿದ್ಧವಾಗಿರದಿದ್ದರೆ ಮೂರನೆಯ ಹಂತದ ಕತ್ತಲೆ ಇಲ್ಲಿಯೂ ಕಾದಿದೆ. ಎಂಜಿನ್ ತಿರುಗುವುದು ನಿಂತ ಮೇಲೆ ಬೀಕನ್ ಆರಿಸಿ. ಮೆಟ್ಟಿಲು ಬರುತ್ತಿಲ್ಲ, ಬಾಗಿಲಿಗೆ ಯಾರೂ ಬರುತ್ತಿಲ್ಲ ಎಂದು ಕಾಯುತ್ತ ಕೂತವರ ಕಾಕ್‌ಪಿಟ್‌ನಲ್ಲಿ ಬಹಳ ಸಲ ಆ ಕೆಂಪು ದೀಪ ಇನ್ನೂ ಉರಿಯುತ್ತಿರುತ್ತದೆ. ಅದು ಉರಿಯುತ್ತಿರುವ ತನಕ ನೆಲದ ಸಿಬ್ಬಂದಿಗೆ ಎಂಜಿನ್ ಓಡುತ್ತಿದೆ ಎಂದೇ ಲೆಕ್ಕ.

ಚಾಕ್ ಕೊಡಿಸಿ. ಹೊರಗಿನ ನೋಟದಲ್ಲಿ ಚಕ್ರದ ಹಿಂದೆ ಮುಂದೆ ಎರಡೂ ಕಡೆ ಅದನ್ನು ಕಣ್ಣಾರೆ ಕಂಡ ಮೇಲೆ ಪಾರ್ಕಿಂಗ್ ಬ್ರೇಕ್ ಬಿಡಿ. ಬಿಸಿಯಾದ ಬ್ರೇಕ್ ಆರಬೇಕು. ವಿಮಾನ ಒಂದು ಬೆರಳಿನಷ್ಟು ಹಿಂದಕ್ಕೆ ಸರಿದು ಚಾಕ್‌ಗೆ ಒರಗಿ ನಿಲ್ಲುತ್ತದೆ. ಅದಕ್ಕಿಂತ ಹೆಚ್ಚು ಸರಿದರೆ ಕೂಡಲೇ ಬ್ರೇಕ್ ಹಾಕಿ ಟ್ಯಾಬ್ಲೆಟ್ ಪುಟವನ್ನು ಮತ್ತೊಮ್ಮೆ ನೋಡಿ.